ಕಂಬಕ್ಕೆ ಹೆಸರಿದೆ, ಬ್ಯಾಟ್ರಿಗೆ ದಿಕ್ಕಿಲ್ಲ

ಹೋದ ವರ್ಷ ಗೌರಿ ಹಬ್ಬಕ್ಕೆ ಅಂತ ಊರಿಗೆ ಹೊರಟವನು ನೆಲಮಂಗಲ ದಾಟೋಷ್ಟರಲ್ಲೇ ಎರಡು ಗಂಟೆ ಕಳ್ಕೊಂಡು, ಗೇಟಲ್ಲಿ ಬಸ್ಸಿಳಿದಾಗ ರಾತ್ರಿ ಒಂಬತ್ತೂವರೆ ಆಗಿತ್ತು. ಅಲ್ಲಿಂದ ಊರಿಗೆ ಒಂದು ಕಿಲೋಮೀಟರ್ ನಡೀಬೇಕು. ಕುಣಿಗಲ್ ಕಡೆಯ ಊರು ನಮ್ದು, ಹೆಸರು ಬರೆಯಲ್ಲ, ಬರೆದ್ರೆ ನಾಳೆ ಬೆಳಿಗ್ಗೆನೇ ನಾಲ್ಕು ಫೋನ್ ಬರುತ್ತೆ. ರಸ್ತೆ ಪಕ್ಕ ನಾವೇ ಹುಡುಗ್ರು ಸೇರ್ಕೊಂಡು 2016ರಲ್ಲಿ ಹಾಕ್ಸಿದ ಸೋಲಾರ್ ಬೀದಿದೀಪಗಳಿವೆ. ಮಾಡಕ್ಕೆ ಬೇರೆ ಕೆಲಸ ಇಲ್ದೆ ಎಣಿಸ್ಕೊಂಡು ಬಂದೆ. 22 ಕಂಬದಲ್ಲಿ ಉರೀತಿದ್ದಿದ್ದು ಆರು, ಅದ್ರಲ್ಲೂ ಎರಡು ಆಗ್ಲೇ ಮಿಣುಕ್ ಮಿಣುಕ್ ಅಂತ ಕೊನೆ ಉಸಿರು ಎಳೀತಿದ್ವು. ನಮ್ಮನೆ ತಿರುವಿನ ಕಂಬಕ್ಕೆ ಅಪ್ಪನ ಹೆಸರಿನ ಬೋರ್ಡಿದೆ, ‘ದಿವಂಗತ’ ಅಂತ ಶುರುವಾಗಿ ‘ಸ್ಮರಣಾರ್ಥ’ ಅಂತ ಮುಗಿಯೋದು. ಸರ್ಕಾರಿ ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ, ಒಂದು ಚೂರೂ ಮಾಸಿಲ್ಲ. ಅದನ್ನ ಓದಕ್ಕೆ ನಾನು ಮೊಬೈಲ್ ಟಾರ್ಚ್ ಹಾಕ್ಬೇಕಾಯ್ತು.

ಅವತ್ತಿಂದ ತಲೇಲಿ ಕೂತಿದೆ ಇದು. ಒಳ್ಳೆ ಕೆಲಸಕ್ಕೆ ಜನ ದುಡ್ಡು ಕೊಡಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ, ಯಾಕಂದ್ರೆ ನಮಗೆ ಕೊಟ್ಟಿದಾರೆ. 2016ರಲ್ಲಿ ಹತ್ತತ್ರ ನಾಲ್ಕು ಲಕ್ಷ ಎರಡೇ ತಿಂಗಳಲ್ಲಿ ಸೇರ್ತು. ಒಂದು ಕಂಬಕ್ಕೆ 18,000 ರೂಪಾಯಿ, ಯಾರು ಕೊಡ್ತೀರೋ ಅವರು ಹೇಳಿದ ಹೆಸರು ಕಂಬದ ಮೇಲೆ, ಅಷ್ಟೇ ನಮ್ ಸ್ಕೀಮು. ಬೆಂಗಳೂರಲ್ಲಿರೋರು, ಮೈಸೂರಲ್ಲಿರೋರು, ಡಲ್ಲಾಸಲ್ಲಿರೋ ಒಬ್ಬ ದೂರದ ಭಾವ, ಎಲ್ಲರೂ ‘ನಮ್ಮಮ್ಮನ ಹೆಸರಲ್ಲಿ ಒಂದು’, ‘ನಮ್ ತಾತನ ಹೆಸರಲ್ಲಿ ಎರಡು’ ಅಂತ ಜಗಳಕ್ಕೆ ಬಿದ್ದು ಕೊಟ್ರು. ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಇಷ್ಟುದ್ದ ಬರೆಸಿ ಬೆಳಕೇ ಆಚೆ ಬರದಂಗೆ ಮಾಡ್ತಾರಲ್ಲ, ನಾವು ಅದನ್ನ ನೋಡಿ ನಗ್ತಾ ಬೆಳೆದೋರು, ಆದ್ರೆ ನಾವು ಮಾಡಿದ್ದೂ ಅದೇ, ಸ್ವಲ್ಪ ದೊಡ್ಡ ಸೈಜಲ್ಲಿ.

ಉದ್ಘಾಟನೆ ದಿನ ಪೆಂಡಾಲು, ಹಾರ, ಕೇಸರಿಬಾತು ಎಲ್ಲ ಆದ್ಮೇಲೆ ಒಬ್ಬ ಅಜ್ಜ ಕಂಬದ ಬುಡಕ್ಕೆ ಬಂದು ಬ್ಯಾಟ್ರಿ ಡಬ್ಬ ಮುಟ್ಟಿ ನೋಡಿ ‘ಇದೆಷ್ಟು ವರ್ಷ ಬತ್ತದಪ್ಪ?’ ಅಂದ್ರು. ಐದು ವರ್ಷ ಮೋಸ ಇಲ್ಲ ಅಜ್ಜ ಅಂದೆ. ‘ಆಮ್ಯಾಕೆ? ಇದುಕ್ಕೆ ನೀರುಗಂಟಿ ಯಾರು?’ ಅಂದ್ರು. ನಾವೆಲ್ಲ ನಕ್ವಿ. ಅಜ್ಜನ ಮನೆತನದೋರು ನಮ್ ಕೆರೆಗೆ ನೀರುಗಂಟಿಗಳಾಗಿದ್ದೋರು, ಅಂದ್ರೆ ತೂಬು ನೋಡ್ಕೊಂಡು ಗದ್ದೆಗಳಿಗೆ ನೀರು ಬಿಡೋರು, ಹಂಗಾಗಿ ಎಲ್ಲದಕ್ಕೂ ನೀರುಗಂಟಿನೇ ಹುಡುಕ್ತಾರೆ ಅಂತ ತಮಾಷೆ ಮಾಡ್ಕೊಂಡ್ವಿ. ಐದು ವರ್ಷ ಅಂದ್ರೆ ಆಗ ನಮಗೆ ಮುಂದಿನ ಜನ್ಮದ ಥರ ಕೇಳ್ಸಿತ್ತು.

ಡಬ್ಬ ಬಿಚ್ಚಿದ ದಿನ

ಹಬ್ಬದ ಮಾರನೇ ದಿನ ನಾನು, ದೊಡ್ಡಪ್ಪನ ಮಗ ಇಬ್ರೂ ಏಣಿ ಹಾಕಿ ನಾಲ್ಕು ಡಬ್ಬ ಬಿಚ್ಚಿ ನೋಡಿದ್ವಿ. ಅವನು ವೈರಿಂಗ್ ಕೆಲಸ ಮಾಡ್ತಾನೆ, ಗೊತ್ತಿರೋನು. ಮೊದಲನೇದ್ರಲ್ಲಿ ಇರುವೆ ಗೂಡು, ಎರಡನೇದ್ರಲ್ಲಿ ಹಲ್ಲಿ ಮೊಟ್ಟೆ. ಟರ್ಮಿನಲ್ ಸುತ್ತ ಬೂದಿ ಮೆತ್ತಿದಂಗೆ ಬಿಳಿ-ಹಸಿರು ಪುಡಿ ಕಟ್ಕೊಂಡಿತ್ತು. ಅವನು ಕೆಳಗಡೆ ಮನೆಯಿಂದ ಒಂದು ಚೊಂಬು ಕುದಿಯೋ ನೀರು ತರ್ಸಿ ನಿಧಾನಕ್ಕೆ ಅದರ ಮೇಲೆ ಹುಯ್ದ, ಬುರ್ ಅಂತ ನೊರೆ ಬಂದು ಪುಡಿಯೆಲ್ಲ ಕರಗಿ ಸೀಸ ಕಾಣ್ತು, ಒರೆಸಿ ವ್ಯಾಸಲೀನ್ ಹಚ್ಚಿದ. ಆಮೇಲೆ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಟ್ಟ. ಪ್ಲೇಟು ಒಣಗಿ ನಿಂತಿದ್ವು. ‘ನೋಡು, ಡಿಸ್ಟಿಲ್ಡ್ ವಾಟರ್ ಹಾಕೇ ಇಲ್ಲ, ಇದು ಸತ್ತಿದ್ದಲ್ಲ ಕಣೋ, ಬಾಯಾರಿ ಸಾಯಿಸಿದ್ದು’ ಅಂದ. ಆರು ತಿಂಗಳಿಗೊಂದ್ಸಲ ಒಂದು ಕ್ಯಾನ್ ಹಿಡ್ಕೊಂಡು 22 ಕಂಬ ಸುತ್ತಿದ್ರೆ ಇನ್ನೂ ಒಂದೆರಡು ವರ್ಷ ಬರ್ತಿತ್ತಂತೆ. ಪ್ಯಾನೆಲ್ ಏನೂ ಆಗಿರ್ಲಿಲ್ಲ, ಧೂಳು ಕೂತಿತ್ತು ಅಷ್ಟೇ, ಅದು 25 ವರ್ಷದ ಆಸಾಮಿ. ಎಲ್‌ಇಡಿಗಳೂ ಬಹುಪಾಲು ಸರಿ ಇದ್ವು. ಹೋಗಿದ್ದು ಬ್ಯಾಟ್ರಿ. ಅಂದ್ರೆ ಒಂದು ಕ್ಯಾನ್ ನೀರಿಗೆ ಮತ್ತೆ ಅದನ್ನ ಹೊತ್ಕೊಂಡು ಓಡಾಡೋ ಒಬ್ಬ ಮನುಷ್ಯನಿಗೆ ನಾವು ಲೆಕ್ಕದಲ್ಲಿ ಒಂದು ಸಾಲು ಇಟ್ಟಿರ್ಲಿಲ್ಲ.

ಪಂಚಾಯ್ತಿಗೆ ಹೋದ್ವಿ. ‘ದಾನಿಗಳು ಹಾಕ್ಸಿರೋದು, ನಮ್ ಆಸ್ತಿ ರಿಜಿಸ್ಟರಲ್ಲಿ ಇಲ್ವಲ್ಲ’ ಅಂದ್ರು. ಸರಿನೇ, ಅವಾಗ ನಾವೇ ಜಂಬದಿಂದ ಯಾರ ಹಂಗೂ ಬೇಡ ಅಂತ ಬರೆದುಕೊಡದೆ ಬಿಟ್ಟಿದ್ವಿ. ದಾನಿಗಳಿಗೆ ಫೋನ್ ಹಾಕಿದ್ವಿ. ಡಲ್ಲಾಸ್ ಭಾವ ಬಹಳ ಪ್ರೀತಿಯಿಂದ ಮಾತಾಡಿ, ಬೇಕಾದ್ರೆ ಹೊಸದಾಗಿ ನಾಲ್ಕು ಕಂಬ ಹಾಕ್ಸೋಣ, ಸ್ಕೂಲ್ ಹತ್ರ, ಅಂದ್ರು. ಹೊಸ ಕಂಬ ಬೇಡ ಭಾವ, ಹಳೇದಕ್ಕೆ ಬ್ಯಾಟ್ರಿ ಬೇಕು, ಒಂದಕ್ಕೆ 7,000 ಅಂದೆ. ನೋಡೋಣ ಅಂದ್ರು. ಈ ‘ನೋಡೋಣ’ಕ್ಕೆ ಕನ್ನಡದಲ್ಲಿ ಏನರ್ಥ ಅಂತ ಎಲ್ರಿಗೂ ಗೊತ್ತು.

ಅಂಗಡಿ ಜಗಲಿ ಮೇಲೆ

ಹಂಗಾಗಿ ಊರಲ್ಲೇ ಎತ್ತೋಣ ಅಂತ ಒಂದು ಭಾನುವಾರ ರಸೀದಿ ಪುಸ್ತಕ ಹಿಡ್ಕೊಂಡು ಹೊರಟ್ವಿ. ಮೊದಲು ಹೋಗಿದ್ದು ಅಂಗಡಿ ಮಾವನ ಹತ್ರ, ಯಾಕಂದ್ರೆ ಗಣೇಶನ ಚಂದಾ ಪಟ್ಟಿಯಲ್ಲಿ ಅವರ ಹೆಸರೇ ಯಾವಾಗಲೂ ಮೊದಲು, 5,001 ಅಂತ, ಮೈಕಲ್ಲಿ ಎರಡು ಸಲ ಓದ್ತಾರೆ. ಮಾವ ಅಡಿಕೆ ಎಲೆ ಹಾಕ್ಕೊಂಡು ಕೂತಿದ್ರು.

‘ಬ್ಯಾಟ್ರಿಗಾ? ಕಂಬಕ್ಕೆ ಕೊಟ್ನಲ್ಲಪ್ಪ ಅವತ್ತು.’

‘ಅದು ಹಾಕ್ಸಕ್ಕೆ ಮಾವ, ಇದು ನಡೆಸಕ್ಕೆ.’

‘ಮದುವೆನೂ ನಾನೇ ಮಾಡ್ಕೊಟ್ಟು ಸಂಸಾರನೂ ನಾನೇ ತೂಗ್ಸಬೇಕಾ?’ ಅಂದ್ರು. ಜಗಲಿ ಮೇಲಿದ್ದೋರೆಲ್ಲ ಗೊಳ್ ಅಂತ ನಕ್ರು, ನನಗೂ ನಗು ಬಂತು, ಮಾತು ಚೆನ್ನಾಗೇ ಇತ್ತು. ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಮೊಬೈಲಿಂದ ತಲೆ ಎತ್ತದೇನೇ ‘ಅಣ್ಣ, 200 ಯೂನಿಟ್ ಫ್ರೀ ಐತೆ, ಯಾರಾದ್ರೂ ಮನೆ ಮುಂದೆ ಒಂದು ಬಲ್ಬ್ ಹಾಕ್ಕೊಂಡ್ರೆ ಆಯ್ತಲ್ಲ, ಈ ಸೋಲಾರ್ ಯಾಕೆ’ ಅಂದ. ಇದಕ್ಕೆ ನನ್ನ ಹತ್ರ ತಕ್ಷಣ ಉತ್ತರ ಇರ್ಲಿಲ್ಲ. 2023ರಿಂದ ಗೃಹಜ್ಯೋತಿ ಬಂದ್ಮೇಲೆ ನಮ್ಮೂರಲ್ಲಿ ಕರೆಂಟ್ ಬಿಲ್ ಅನ್ನೋ ಮಾತೇ ನಿಂತೋಗಿದೆ. ಬಡವರ ಮನೆಗೆ ಅದು ದೊಡ್ಡ ಉಪಕಾರ, ನಮ್ಮ ಅತ್ತೆನೇ ಸಾಕ್ಷಿ, ನಾನು ಅದನ್ನ ಬೈಯಲ್ಲ. ಆದ್ರೆ ಒಂದು ಕಡೆ ಬೆಳಕು ಪುಕ್ಕಟೆ ಅಂತ ಆದ್ಮೇಲೆ ಇನ್ನೊಂದು ಕಡೆ ಬೆಳಕಿಗೆ ತಿಂಗಳಿಗೆ ಇಪ್ಪತ್ತು ರೂಪಾಯಿ ಕೊಡಿ ಅಂತ ಹೋಗೋನು ಪೆದ್ದನ ಥರ ಕಾಣ್ತಾನೆ. ಮನೆ ಮುಂದಿನ ಬಲ್ಬು ಮನೆ ಮುಂದಕ್ಕೆ, ಗೇಟಿಂದ ಊರಿಗೆ ಬರೋ ಆ ಒಂದು ಕಿಲೋಮೀಟರಲ್ಲಿ ಯಾರ ಮನೆನೂ ಇಲ್ಲ, ಅಂತ ಸಾಯಂಕಾಲ ಬಸ್ಸಲ್ಲಿ ಹೊಳೀತು. ಒಳ್ಳೆ ಉತ್ತರಗಳೆಲ್ಲ ನನಗೆ ಬಸ್ಸಲ್ಲೇ ಹೊಳೆಯೋದು.

ಅವತ್ತು 23 ಮನೆಯಿಂದ 3,140 ರೂಪಾಯಿ ಸೇರ್ತು. ಅರ್ಧ ಬ್ಯಾಟ್ರಿನೂ ಬರಲ್ಲ.

ಪುರದ ಸಗಣಿ ಲೆಕ್ಕ

ನಮ್ಮ ತಾಲ್ಲೂಕಲ್ಲೇ ಪುರ ಅಂತ ಒಂದು ಊರಿದೆ. ಎನರ್ಜಿ ವಿಷಯ ಓದೋರಿಗೆ ಪ್ರಪಂಚದ ಎಲ್ಲೆಲ್ಲೋ ಆ ಹೆಸರು ಗೊತ್ತು, ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ಕೇಳಿದ್ರೆ ಯಾವ ಪುರ ಅಂತಾರೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಅಂತ ಶುರು ಮಾಡಿದ್ರಲ್ಲ, ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಣ ಅಂತ, ಆ ತಂಡ ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ತು. ಮೊದಲು ಅಡುಗೆಗೆ ಗ್ಯಾಸ್ ಕೊಡೋಣ ಅಂತ ಹೋದ್ರು, ಅದು ಕೈ ಹತ್ತಲಿಲ್ಲ. ಇರೋ ದನಗಳ ಸಗಣಿಗೆ ಎಲ್ಲರ ಮನೆ ಒಲೆ ಉರಿಯೋಷ್ಟು ಗ್ಯಾಸ್ ಬರ್ಲಿಲ್ಲ, ಜೊತೆಗೆ ಸೌದೆ ಹೆಂಗೂ ದುಡ್ಡು ಕೊಡದೆ ಆಯ್ಕೊಂಡು ಬರ್ತಿದ್ರು, ಊರಿನೋರಿಗೆ ಬೇಕಾಗಿದ್ದಿದ್ದು ನೀರು. ಆಮೇಲೆ 1987ರಲ್ಲಿ ಅದೇ ಗ್ಯಾಸಲ್ಲಿ ಎಂಜಿನ್ ಓಡಿಸಿ, ಡೀಸೆಲ್ ಒಂಚೂರು ಬೆರೆಸ್ಕೊಂಡು, 5 ಕೆವಿಎ ಜನರೇಟರ್ ಕಟ್ಟಿ, ಬೋರ್‌ವೆಲ್ ನೀರು ಎತ್ತಿ ನಲ್ಲಿಗೆ ಬಿಟ್ರು, ಸಾಯಂಕಾಲ ಮನೆಮನೆಗೆ ಟ್ಯೂಬ್‌ಲೈಟ್ ಕೊಟ್ರು. ನೋಡ್ಕೊಳ್ಳಕ್ಕೆ ಊರಿನ ಇಬ್ರು ಹುಡುಗರು. ಅದು ನಡೀತು.

ನನಗೆ ಇದರಲ್ಲಿ ಎಂಜಿನ್‌ಗಿಂತ ಲೆಕ್ಕಪತ್ರದ ಮೇಲೇ ಕಣ್ಣು. ಬೆಳಿಗ್ಗೆ ಹೆಂಗಸರು ಮಕ್ಕಳು ಸಗಣಿ ಮಂಕರಿ ತಂದು ತೂಕಕ್ಕಿಡ್ತಿದ್ರು, ತಂದುಕೊಟ್ಟಿದ್ದಕ್ಕೆ ಕೆಜಿಗೆ 2 ಪೈಸೆ ಕೂಲಿ. ಗ್ಯಾಸ್ ಬಿಟ್ಟ ಮೇಲೆ ಉಳಿಯೋ ಬಗ್ಗಡ ಯಾರು ಎಷ್ಟು ಸಗಣಿ ಕೊಟ್ಟಿದ್ರೋ ಆ ಲೆಕ್ಕಕ್ಕೆ ವಾಪಸ್, ಗದ್ದೆ ಹೊಲಕ್ಕೆ ಗೊಬ್ಬರ. ನಲ್ಲಿ ಇಟ್ಕೊಂಡೋರು, ಲೈಟ್ ಹಾಕ್ಸಿಕೊಂಡೋರು ತಿಂಗಳಾದ್ರೆ ಇಷ್ಟು ಅಂತ ಕಟ್ತಿದ್ರು. ಎರಡು ಪೈಸೆ ಅಂದ್ರೆ ಆ ಕಾಲಕ್ಕೂ ನಗೋ ದುಡ್ಡೇ. ಆದ್ರೂ ತೂಕ ಹಾಕಿ ಬರೆದುಕೊಂಡ್ರಲ್ಲ, ಅಲ್ಲಿಗೆ ಆ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ಮಂಕರಿ ಹೊತ್ಕೊಂಡು ಬಂದಿದ್ದು ಲೆಕ್ಕಕ್ಕೆ ಸೇರ್ತು. ದಾನ ಅಂತ ಕೇಳಿದ್ರೆ ಮೂರನೇ ದಿನಕ್ಕೆ ಮಂಕರಿ ಹಿತ್ತಲ ತಿಪ್ಪೆಗೇ ಹೋಗ್ತಿತ್ತು ಅಂತ ನನ್ನ ಗುಮಾನಿ.

ಇನ್ನೊಂದು ವಿಷಯ. ಎಲ್ಲರದ್ದು ಅನ್ನೋದನ್ನ ಯಾರೂ ನೋಡ್ಕೊಳ್ಳಲ್ಲ, ಗೋಮಾಳದ ಥರ ಎಲ್ರೂ ಮೇಯಿಸಿ ಹಾಳು ಮಾಡ್ತಾರೆ ಅನ್ನೋ ಒಂದು ವಾದ ಇದೆಯಲ್ಲ, ರೆಡ್ಡಿಯವರು ಪುರವನ್ನ ತೋರಿಸಿ ಅದಕ್ಕೆ ಉಲ್ಟಾ ಹೇಳಿದ್ರು. ಅಲ್ಲಿ ಕೈಕೊಟ್ಟೋನಿಗೆ ನೀರೂ ಇಲ್ಲ ಬೆಳಕೂ ಇಲ್ಲ, ಊರೇ ನಿಲ್ಲಿಸಿಬಿಡುತ್ತೆ, ಹಂಗಾಗಿ ಜೊತೇಲಿರೋದ್ರಲ್ಲೇ ಲಾಭ ಅಂತ. ಇದನ್ನ ಓದಿದಾಗ ನನಗೆ ನಮ್ಮ ಬೀದಿದೀಪದ ಕಷ್ಟ ಅರ್ಥ ಆಯ್ತು. ನಲ್ಲಿನ ಬಂದ್ ಮಾಡಬಹುದು. ಬೀದಿದೀಪದ ಬೆಳಕನ್ನ ದುಡ್ಡು ಕೊಡದೋನ ತಲೆ ಮೇಲೆ ಮಾತ್ರ ಆರಿಸಕ್ಕಾಗಲ್ಲ. ಅಂಗಡಿ ಮಾವ ಒಂದು ಪೈಸೆ ಕೊಡದಿದ್ರೂ ಅವರ ಮುಂದಿನ ಕಂಬ ಅವರಿಗೂ ಉರಿಯುತ್ತೆ. ಪುರದ ಸ್ಥಾವರನೂ ಕೊನೆಗೆ ನಿಂತುಹೋಯ್ತು ಅನ್ನೋದನ್ನ ಇಲ್ಲೇ ಹೇಳ್ಬಿಡಬೇಕು, ಇಲ್ಲಾಂದ್ರೆ ಕಥೆ ಸಿಹಿ ಜಾಸ್ತಿ ಆಗುತ್ತೆ.

ನೀರುಗಂಟಿ ಯಾರು

ಕೆರೆ ಏರಿ ಮೇಲೆ ಒಂದು ಕಲ್ಲಿದೆ, ಅಕ್ಷರ ಅರ್ಧ ಸವೆದಿದೆ. ಕೆರೆ ಕಟ್ಟಿಸಿದೋನದ್ದು ಅಂತ ಊರಲ್ಲಿ ಹೇಳ್ತಾರೆ. ನಾಡಲ್ಲೆಲ್ಲ ಇಂಥ ಕಲ್ಲುಗಳಿವೆ, ಕಟ್ಟಿಸಿದೋನ ಹೆಸರು, ಬಿರುದು, ಕೊನೆಗೆ ಹಾಳು ಮಾಡಿದೋನಿಗೆ ಶಾಪ. ನಮ್ಮ ಹಸಿರು ಬೋರ್ಡಿನ ಮುತ್ತಾತ ಅಂತಿಟ್ಕೊಳ್ಳಿ. ತೂಬು ಎತ್ತಿ ಇಳಿಸಿ, ಕಾಲುವೆ ಹೂಳು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ರಾತ್ರಿಯೆಲ್ಲ ಗುದ್ದಲಿ ಹಿಡ್ಕೊಂಡು ಓಡಾಡಿದ ನೀರುಗಂಟಿಗೆ ಕಲ್ಲು ಹಾಕಿದ್ದನ್ನ ನಾನಂತೂ ನೋಡಿಲ್ಲ. ಆದ್ರೆ ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಅಳೆಯೋವಾಗ ಅವನ ಆಯ ಅಂತ ಇಷ್ಟು ಮೊರ ಎತ್ತಿಡ್ತಿದ್ರು. ದಾನ ಅನ್ನೋ ಮಾತಿಲ್ಲ, ಈ ವರ್ಷ ಕೊಡೋಣ್ವಾ ಬೇಡ್ವಾ ಅನ್ನೋ ಮೀಟಿಂಗ್ ಇಲ್ಲ, ರಾಶಿ ಮನೆಗೆ ಹೋಗೋ ಮುಂಚೆನೇ ಪಾಲು ಆಚೆ. ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಅಜ್ಜನ ಮೊಮ್ಮಗಳು ಒಂದ್ಸಲ ಹೇಳಿದ್ಲು, ತಾತ ಆ ಕಣದಲ್ಲಿ ಎಲ್ಲರೂ ತುಂಬ್ಕೊಂಡು ಹೋಗೋವರೆಗೂ ದೂರದಲ್ಲಿ ನಿಂತಿರ್ತಿದ್ರಂತೆ, ಕರೆಯೋವರೆಗೂ ಹತ್ರ ಬರೋ ಹಂಗಿರ್ಲಿಲ್ಲವಂತೆ. ಆಯ ಕೊಟ್ಟ ಕೈಗಳೇ ಅವರನ್ನ ದೂರ ನಿಲ್ಲಿಸಿದ್ದು. ಅದಕ್ಕೇ ಇರ್ಬೇಕು, ಅವತ್ತು ನಾವು ನಕ್ಕಾಗ ಅಜ್ಜ ನಗಲಿಲ್ಲ.

ದಾನಕ್ಕೂ ಮುಯ್ಯಿಗೂ ಇರೋ ವ್ಯತ್ಯಾಸ ನಮ್ ಕಡೆಯೋರಿಗೆ ಹೇಳಿಕೊಡಬೇಕಾಗಿಲ್ಲ. ದಾನ ಕೊಟ್ಟು ಮರೀತಾರೆ, ಅಥವಾ ಬೋರ್ಡ್ ಹಾಕ್ಸಿ ಮರೀತಾರೆ. ಮುಯ್ಯಿಗೆ ಪುಸ್ತಕ ಇರುತ್ತೆ. ಯಾರದೋ ಮದುವೆಯಲ್ಲಿ 501 ಬರೆಸಿದ್ದು ಹದಿನೈದು ವರ್ಷ ಆದ್ಮೇಲೂ ಟ್ರಂಕಿಂದ ಪುಸ್ತಕ ತೆಗೆದು ನೋಡಿ ಅದಕ್ಕೆ ಮೇಲೆ ಸೇರಿಸಿ ವಾಪಸ್ ಮಾಡ್ತಾರೆ. ಕೊಯ್ಲಿಗೆ ಮುಯ್ಯಾಳು ಹೋದ್ರೂ ಅಷ್ಟೇ. ಪಾಲಿನ ಲೆಕ್ಕ ಎಲ್ಲಿರುತ್ತೋ ಅಲ್ಲಿ ಜನ ಬೇಜಾರಿಲ್ದೆ ಬಿಚ್ತಾರೆ. ಹೊರಗಡೆನೂ ಹಂಗೇ. ಕೋಪನ್‌ಹೇಗನ್ ಹತ್ರ ಸಮುದ್ರದಲ್ಲಿ ಮಿಡ್ಡೆಲ್‌ಗ್ರುಂಡೆನ್ ಅಂತ 2000ನೇ ಇಸವಿಯಲ್ಲಿ 20 ಗಾಳಿಯಂತ್ರ ನಿಲ್ಲಿಸಿದ್ರು, ಅದ್ರಲ್ಲಿ ಹತ್ತು ಒಂದು ಸಹಕಾರ ಸಂಘದ್ದು, 8,000ಕ್ಕೂ ಮೇಲ್ಪಟ್ಟು ಜನ ಷೇರುದಾರರು, ಒಂದು ಷೇರು ಅಂದ್ರೆ ವರ್ಷಕ್ಕೆ ಸುಮಾರು 1,000 ಯೂನಿಟ್ ಕರೆಂಟಿನ ಪಾಲು. ಅಷ್ಟು ದೂರ ಯಾಕೆ, ಮೆಟ್ಟುಪಾಳ್ಯಂ ಹತ್ರ ಓಡಂದುರೈ ಅಂತ ಪಂಚಾಯ್ತಿ, 2006ರಲ್ಲಿ ಒಂದೂವರೆ ಕೋಟಿಗೂ ಮೇಲೆ ಖರ್ಚು ಮಾಡಿ 350 ಕಿಲೋವ್ಯಾಟಿನ ಸ್ವಂತ ಗಾಳಿಯಂತ್ರ ಕೊಂಡ್ಕೊಳ್ತು, ಉಳಿಸಿಟ್ಟ ದುಡ್ಡು ಸ್ವಲ್ಪ, ಉಳಿದಿದ್ದು ಬ್ಯಾಂಕ್ ಸಾಲ, ಮಿಕ್ಕಿದ ಕರೆಂಟ್ ಮಾರಿ ಸಾಲ ತೀರಿಸೋದು ಅಂತ. ನಮ್ಮ ಪಂಚಾಯ್ತಿಯಲ್ಲಿ ಇದನ್ನ ಹೇಳಿದೆ. ‘ಅಲ್ಲಿ ಗಾಳಿ ಬರುತ್ತೆ ಸರ್’ ಅಂದ್ರು.

ಡೈರಿ ಮುಂದೆ

ದಾರಿ ಹೊಳೆದಿದ್ದು ನನಗಲ್ಲ, ಅಮ್ಮನಿಗೆ. ‘ಭಾನುವಾರ ಮನೆ ಮನೆಗೆ ಹೋದ್ರೆ ಯಾರು ಕೊಡ್ತಾರೋ, ಭಾನುವಾರ ಭಿಕ್ಷುಕರೂ ಬರ್ತಾರೆ. ಡೈರಿ ಹತ್ರ ನಿಂತ್ಕೊಳ್ಳಿ’ ಅಂದ್ಲು. ನಮ್ಮೂರಲ್ಲಿ 120 ಮನೆ, ಅದ್ರಲ್ಲಿ ನೂರರ ಹತ್ರ ಮನೆಯೋರು ಹಾಲು ಹಾಕ್ತಾರೆ. ಬೆಳಿಗ್ಗೆ ಆರು ಗಂಟೆ ಕತ್ತಲಲ್ಲಿ ಕ್ಯಾನು ಹಿಡ್ಕೊಂಡು ಎಡವ್ತಾ ಬರೋರು ಅವರೇ, ಬೀದಿದೀಪ ಇಲ್ದಿದ್ರೆ ಮೊದಲು ಹಾಲು ಚೆಲ್ಲೋದು ಅವರದ್ದೇ. ಲೆಕ್ಕ ಹಾಕಿದ್ವಿ: ಮನೆಗೆ ತಿಂಗಳಿಗೆ 20 ರೂಪಾಯಿ ಅಂದ್ರೆ 2,400, ಐದು ವರ್ಷಕ್ಕೆ 1,44,000. 22 ಬ್ಯಾಟ್ರಿಗೆ 1,54,000. ಹಳೇದನ್ನ ಗುಜರಿಗೆ ಹಾಕಿದ್ರೆ ಬರೋದು ಸೇರಿಸಿದ್ರೆ ಹೊಂದುತ್ತೆ. ತಿಂಗಳಿಗೆ ಇಪ್ಪತ್ತು ಅಂದ್ರೆ ಅರ್ಧ ಲೀಟರಿಗಿಂತ ಒಂಚೂರು ಜಾಸ್ತಿ ಹಾಲಿನ ದುಡ್ಡು. ಹಾಲಿನ ಬಿಲ್ಲಲ್ಲೇ ಹಿಡ್ಕೊಳ್ಳಿ ಅಂತ ಸೆಕ್ರೆಟರಿನ ಕೇಳಿದ್ವಿ, ಅದು ಬ್ಯಾಂಕ್ ಖಾತೆಗೆ ಹೋಗುತ್ತೆ, ನಾನು ಮುಟ್ಟಂಗಿಲ್ಲ, ಬೇಕಾದ್ರೆ ಹೊರಗಡೆ ಬೆಂಚ್ ಹಾಕ್ಕೊಂಡು ಕೂತ್ಕೊಳ್ಳಿ ಅಂದ್ರು.

ಹಂಗೆ ಕೂತ್ವಿ. ಕೂತಿದ್ದು ನಾನಲ್ಲ, ನೀರುಗಂಟಿ ಅಜ್ಜನ ಮೊಮ್ಮಗಳು. ಡಿಗ್ರಿ ಮುಗಿಸಿ ಮನೇಲಿದ್ಲು, ತಿಂಗಳಿಗೆ 600 ಕೊಡ್ತೀವಿ ಅಂತ ಮಾತಾಯ್ತು, ಅದನ್ನ ಸದ್ಯಕ್ಕೆ ಬೆಂಗಳೂರಿನ ನಾವು ಕೆಲವರು ಹಾಕ್ತಿದೀವಿ, ಯಾವ ಬೋರ್ಡೂ ಇಲ್ಲ. ನಾನು ಒಂದು ಬೆಳಿಗ್ಗೆ ಹೋಗಿ ನೋಡಿದೆ. ಹಾಲು ಅಳೆಯೋರು ಒಳಗೆ ಕೂಗ್ತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು. ಆಚೆ ಬರೋರು ಖಾಲಿ ಕ್ಯಾನು ಬೆಂಚ್ ಮೇಲಿಟ್ಟು, ಸೆರಗಿನ ಗಂಟು ಬಿಚ್ಚಿ ಎರಡು ಹತ್ತರ ನೋಟು ಕೊಟ್ಟು, ಅವಳು ಬರೆಯೋವರೆಗೂ ಬಗ್ಗಿ ನೋಡ್ಕೊಂಡು ನಿಂತಿರ್ತಾರೆ. ಅಕ್ಷರ ಬರದೋರೂ ಬಗ್ಗಿ ನೋಡ್ತಾರೆ. ಒಬ್ಬ ಅಕ್ಕ ‘ಹೋದ ತಿಂಗಳು ನಮ್ ಕಂಬಕ್ಕೆ ನೀರು ಹಾಕ್ಲಿಲ್ಲ ನೀನು’ ಅಂತ ಜೋರು ಮಾಡ್ತಿದ್ಲು. ಆ ಜೋರು ಕೇಳಿ ನನಗೆ ಆದಷ್ಟು ಖುಷಿ 2016ರ ಪೆಂಡಾಲಲ್ಲಿ ಆಗಿರ್ಲಿಲ್ಲ. ಯಾರಿಗೂ ಬಲವಂತ ಇಲ್ಲ, ಕೊಡದೋರ ಹೆಸರು ಓದಲ್ಲ. ಆದ್ರೆ ಪುಸ್ತಕ ಬೆಂಚ್ ಮೇಲೆ ಬಿಚ್ಚಿಟ್ಟಿರುತ್ತೆ, ಯಾರು ಬೇಕಾದ್ರೂ ನೋಡಬಹುದು. ಇದು ಬಲವಂತ ಹೌದೋ ಅಲ್ವೋ ಅಂತ ನಮ್ಮ ವಾಟ್ಸಾಪ್ ಗುಂಪಲ್ಲಿ ಇನ್ನೂ ಜಗಳ ನಡೀತಿದೆ, ಒಬ್ಬ ಗೆಳೆಯ ಈ ವಿಷಯಕ್ಕೇ ಗುಂಪು ಬಿಟ್ಟು ಹೋದ. ಅವನು ಹೇಳೋದ್ರಲ್ಲೂ ನ್ಯಾಯ ಇದೆ.

ಈಗ 64 ಮನೆ ಕೊಡ್ತಿದಾರೆ, ಮೂರು ಮನೆ ಮಧ್ಯದಲ್ಲಿ ಬಿಟ್ರು. ಅಂಗಡಿ ಮಾವನ ಹೆಸರಿನ ಮುಂದೆ ಮೊದಲ ನಾಲ್ಕು ತಿಂಗಳು ಖಾಲಿ, ಐದನೇದ್ರಲ್ಲಿ ಒಟ್ಟಿಗೆ 100 ಅಂತಿದೆ. ಯಾಕೆ ಕೊಟ್ರು ಅಂತ ನಾನು ಕೇಳಿಲ್ಲ. ಬ್ಯಾಟ್ರಿ ಬದಲಾಯಿಸಿರೋದು ಐದು ಕಂಬಕ್ಕೆ, ಹಳೇ ಆರರಲ್ಲಿ ನಾಲ್ಕು ಇನ್ನೂ ಹೆಂಗೋ ಉರೀತಿವೆ. ಯಾವ ಕಂಬ ಮೊದಲು ಅಂತ ಡೈರಿ ಮುಂದೆನೇ ಕೂತು ತೀರ್ಮಾನ ಮಾಡಿದ್ರು. ಗೇಟ್ ರಸ್ತೆ, ಡೈರಿ ದಾರಿ, ಬೋರ್‌ವೆಲ್, ಸ್ಕೂಲ್ ತಿರುವು, ಹಿಂಗೆ. ದಾನಿಗಳ ಹೆಸರು ನೋಡಿ ಯಾರೂ ಪಟ್ಟಿ ಮಾಡ್ಲಿಲ್ಲ, ನಮ್ಮನೆ ತಿರುವಿನದ್ದು ಹದಿನೇಳನೇ ನಂಬರು, ಇದೇ ಸ್ಪೀಡಲ್ಲಿ ಹೋದ್ರೆ ಇನ್ನೂ ಮೂರು ವರ್ಷದ ಮೇಲೆ. ನಾನೇ ಒಂದು ಬ್ಯಾಟ್ರಿ ತಂದು ಹಾಕ್ಸಿಬಿಡ್ಲಾ ಅಂತ ಅಮ್ಮನ್ನ ಫೋನಲ್ಲಿ ಕೇಳಿದೆ, 7,000 ತಾನೇ.

‘ಸುಮ್ನಿರು’ ಅಂದ್ಲು. ‘ನಾನು ಇಪ್ಪತ್ತು ಕೊಟ್ಟು ಬರೆಸ್ಕೊಂಡು ಬಂದಿದೀನಿ. ನೀನು ತಂದು ಹಾಕಿದ್ರೆ ನಾಳೆ ಹದಿನೆಂಟನೇ ಕಂಬದೋರು ನಮ್ಮಗ ಎಲ್ಲಿ ಅಂತ ಕೇಳ್ತಾರೆ.’ ಆಮೇಲೆ ಬರೋವಾಗ ಒಂದು ಒಳ್ಳೆ ಟಾರ್ಚ್ ತಗೊಂಡು ಬಾ ಅಂದ್ಲು, ಚಾರ್ಜಿಂಗ್‌ದು.